ಕೀಬೋರ್ಡ್: ವೈರೋ, ಡಾಂಗಲ್ಲೋ, ಬ್ಲೂಟೂತೋ?

ಒಂದು ರಾತ್ರಿ ಅಪ್‌ಡೇಟ್ ಮುಗಿಸಿ ಮತ್ತೆ ಶುರುವಾದ ನನ್ನ ಕಂಪ್ಯೂಟರ್, ನೀಲಿ ಪರದೆ ತೋರಿಸಿ, ಡಿಸ್ಕ್ ತೆರೆಯಬೇಕಾದರೆ 48 ಅಂಕಿಗಳ ರಿಕವರಿ ಕೀ ಕೊಡು ಎಂದು ಪಟ್ಟು ಹಿಡಿದು ಕೂತಿತು. ಕೀ ಬರೆದಿಟ್ಟ ಚೀಟಿ ಡೈರಿಯಲ್ಲೇ ಇತ್ತು. ಆದರೆ ಅದನ್ನು ಹೊಡೆಯುವುದು ಹೇಗೆ? ಮೇಜಿನ ಮೇಲಿದ್ದ ಚೆಂದದ ಬ್ಲೂಟೂತ್ ಕೀಬೋರ್ಡಿನಿಂದ ಒಂದೇ ಒಂದು ಅಂಕಿಯೂ ಪರದೆಗೆ ಹೋಗಲಿಲ್ಲ. ಕೊನೆಗೆ ಅಟ್ಟ ಹತ್ತಿ, ರಟ್ಟಿನ ಪೆಟ್ಟಿಗೆಯೊಳಗಿಂದ ಸ್ಪೇಸ್‌ಬಾರ್ ಅರ್ಧಕ್ಕೇ ಸಿಕ್ಕಿಕೊಳ್ಳುವ ಹಳೇ ವೈರ್ ಕೀಬೋರ್ಡ್ ಇಳಿಸಿ, ಧೂಳು ಕೊಡವಿ ಚುಚ್ಚಿದೆ. ಎರಡು ಸೆಕೆಂಡಿಗೆ ನಮ್ ಲಾಕ್ ದೀಪ ಹತ್ತಿತು, ನನಗೂ ಉಸಿರು ಬಂತು.

ಅವತ್ತಿನಿಂದ ಯಾರಾದರೂ ‘ಯಾವ ಕೀಬೋರ್ಡ್ ತಗೊಳ್ಳಲಿ’ ಅಂದರೆ ನಾನು ಮೊದಲು ಕೇಳುವುದು ‘ಅದು ಕೈಕೊಟ್ಟ ದಿನ ಏನು ಮಾಡ್ತೀರಿ’ ಅಂತ. ಚೆನ್ನಾಗಿ ನಡೆಯುವಷ್ಟು ದಿನ ವೈರು, ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ರೇಡಿಯೋ ತುಣುಕು), ಬ್ಲೂಟೂತ್ ಮೂರೂ ಒಂದೇ. ಒತ್ತಿದ ಅಕ್ಷರ ಪರದೆ ಮೇಲೆ ಬೀಳುತ್ತದೆ, ಅಷ್ಟೇ. ಅವುಗಳ ನಿಜವಾದ ವ್ಯತ್ಯಾಸ ಕಾಣುವುದು ಕೆಟ್ಟಾಗ. ಪ್ರಿಂಟರ್ ಕೆಟ್ಟರೆ ಕೀಬೋರ್ಡ್ ಹಿಡಿದು ಸರಿಮಾಡಬಹುದು. ಕೀಬೋರ್ಡೇ ಕೆಟ್ಟರೆ ಪಾಸ್‌ವರ್ಡ್ ಹೊಡೆದು ಒಳಗೆ ಹೋಗುವುದಕ್ಕೂ ದಾರಿ ಇರುವುದಿಲ್ಲ. ಆದ್ದರಿಂದ ಇಲ್ಲಿನ ಹೋಲಿಕೆಯಲ್ಲಿ ಕೀಗಳು ಎಷ್ಟು ಮೆತ್ತಗಿವೆ, ದೀಪ ಯಾವ ಬಣ್ಣದ್ದು ಎನ್ನುವ ಮಾತೆಲ್ಲ ಇಲ್ಲ. ಯಾವ ಬಗೆಯ ಸಂಪರ್ಕ ಹೇಗೆ ಕೆಡುತ್ತದೆ, ಕೆಟ್ಟರೆ ಎಷ್ಟು ಬೇಗ ಸರಿಹೋಗುತ್ತದೆ ಎನ್ನುವುದಷ್ಟೇ.

ಯುಎಸ್‌ಬಿ ವೈರ್

ವೈರ್ ಕೀಬೋರ್ಡಿನ ದೊಡ್ಡ ಗುಣವೆಂದರೆ ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಸೆಲ್ ಇಲ್ಲ, ಪೇರಿಂಗ್ (ಎರಡು ಸಾಧನಗಳನ್ನು ಜೋಡಿ ಮಾಡುವ ಕೆಲಸ) ಇಲ್ಲ, ರೇಡಿಯೋ ಇಲ್ಲ. ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಕೀಬೋರ್ಡ್, ಮೌಸ್‌ನಂಥ ಸಾಧನಗಳಿಗೆಂದೇ ಅದರಲ್ಲಿ ಎಚ್‌ಐಡಿ ಎಂಬ ವರ್ಗವೊಂದಿದೆ. ಆ ವರ್ಗದ ಭಾಷೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಮೊದಲೇ ಗೊತ್ತಿರುವುದರಿಂದ ಕೀಬೋರ್ಡಿಗೆ ಡ್ರೈವರ್ ಹುಡುಕುತ್ತ ಅಲೆಯಬೇಕಾಗಿಲ್ಲ. ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದಿರದ ಹೊತ್ತಿಗೆಂದು, ಕಂಪ್ಯೂಟರ್ ಆನ್ ಆದೊಡನೆ ಮೊದಲು ಏಳುವ ಬಯಾಸ್ ಎಂಬ ತಂತ್ರಾಂಶಕ್ಕೂ ಅರ್ಥವಾಗುವಂಥ ಸರಳ ರೂಪವೊಂದನ್ನೂ ಇಟ್ಟಿದ್ದಾರೆ. ಅದಕ್ಕೆ ಬೂಟ್ ಪ್ರೋಟೊಕಾಲ್ ಎಂದು ಹೆಸರು. ಅದರಲ್ಲಿ ಕೀಬೋರ್ಡ್ ಕಳಿಸುವುದು ಎಂಟೇ ಬೈಟ್. ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳಿಗೆಲ್ಲ ಸೇರಿ ಒಂದು, ಕಾದಿರಿಸಿದ್ದು ಒಂದು, ಒತ್ತಿರುವ ಕೀಗಳಿಗೆ ಆರು. ಕೆಲವು ಕೀಬೋರ್ಡುಗಳಲ್ಲಿ ಆರಕ್ಕಿಂತ ಹೆಚ್ಚು ಕೀಗಳನ್ನು ಒಟ್ಟಿಗೆ ಹಿಡಿದರೆ ಏಳನೆಯದು ಬಾರದಿರುವುದು ಇದೇ ಲೆಕ್ಕಾಚಾರದಿಂದ. ಟೈಪ್ ಮಾಡುವವರಿಗೆ ಅದರಿಂದ ನಷ್ಟವೇನಿಲ್ಲ. ಏಳು ಬೆರಳು ಒಟ್ಟಿಗೆ ಬೇಕಾಗುವುದು ಆಟ ಆಡುವವರಿಗೆ.

ಹಾಗಂತ ವೈರು ಕೆಡುವುದೇ ಇಲ್ಲ ಎಂದೇನಲ್ಲ. ಅದು ಕೆಡುವ ಜಾಗಗಳು ಮೂರ್ನಾಲ್ಕು. ಪ್ಲಗ್ಗಿನ ಬುಡದಲ್ಲಿ ವೈರ್ ಬಾಗಿ ಬಾಗಿ ಒಳಗೇ ತುಂಡಾಗುವುದು ಒಂದು. ಅಲ್ಲಾಡಿಸಿದರೆ ದೀಪ ಬಂದು ಬಂದು ಹೋಗುತ್ತದೆ, ನೋಡಿದರೇ ಗೊತ್ತಾಗುತ್ತದೆ. ಇನ್ನೊಂದು ಹಬ್, ಅಂದರೆ ಒಂದು ಪೋರ್ಟನ್ನು ನಾಲ್ಕು ಮಾಡುವ ಪೆಟ್ಟಿಗೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಕರೆಂಟು 500 ಮಿಲಿಆಂಪಿಯರ್. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಆ ಒಂದು ಪಾಲನ್ನೇ ತಾನೂ ತಿಂದು, ಉಳಿದದ್ದನ್ನು ನಾಲ್ಕು ಬಾಯಿಗೆ ಹಂಚುತ್ತದೆ. ನಿಯಮದ ಪ್ರಕಾರ ಬಾಯಿಗೆ ನೂರೇ ಮಿಲಿಆಂಪಿಯರ್. ಸಾದಾ ಕೀಬೋರ್ಡಿಗೆ ಅಷ್ಟು ಧಾರಾಳ ಸಾಕು. ಆದರೆ ಕೀ ಕೀಗೂ ಬಣ್ಣದ ದೀಪ ಇರುವಂಥದ್ದನ್ನು ಅಂಥ ಹಬ್ಬಿಗೆ ಚುಚ್ಚಿ, ಪಕ್ಕದಲ್ಲೇ ಹಾರ್ಡ್‌ಡಿಸ್ಕನ್ನೂ ಚುಚ್ಚಿದರೆ ಎರಡೂ ಬಿಕ್ಕಳಿಸುತ್ತವೆ. ಕೀಬೋರ್ಡ್ ಪದೇಪದೇ ಕಡಿದು ಹೋಗಿ ಬರುತ್ತಿದ್ದರೆ ಬೇರೇನೂ ಯೋಚಿಸುವ ಮೊದಲು ಹಬ್ ಬಿಡಿಸಿ ನೇರ ಕಂಪ್ಯೂಟರಿಗೆ ಹಾಕಿ ನೋಡಿ.

ಮೂರನೆಯದು ನನ್ನ ಒಂದು ಭಾನುವಾರವನ್ನೇ ನುಂಗಿದ್ದು. ಕೇಬಲ್ ಕಳಚಬಹುದಾದ ಕೀಬೋರ್ಡ್ ಅದು. ಕೇಬಲ್ ಎಲ್ಲೋ ಹೋಗಿತ್ತು, ಡ್ರಾಯರಿನಲ್ಲಿ ಸಿಕ್ಕ ಟೈಪ್ ಸಿ ಕೇಬಲ್ ಹಾಕಿದೆ. ಕೀಬೋರ್ಡಿನ ದೀಪಗಳೆಲ್ಲ ಜಗಜಗ ಹತ್ತಿದವು, ಅಕ್ಷರ ಮಾತ್ರ ಒಂದೂ ಇಲ್ಲ. ಪೋರ್ಟ್ ಬದಲಿಸಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಡ್ರೈವರ್ ತೆಗೆದು ಹಾಕಿದೆ. ಸಂಜೆ ಹೊತ್ತಿಗೆ, ಅದೇ ಕೇಬಲ್ಲಿನಲ್ಲಿ ಫೋನಿನ ಫೋಟೋ ಕಾಪಿ ಮಾಡಲು ಹೋದಾಗ ಫೋನೂ ಕಂಪ್ಯೂಟರಿನಲ್ಲಿ ಕಾಣಿಸಲಿಲ್ಲ. ಆಗ ಹೊಳೆಯಿತು. ಸಾದಾ ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ನನ್ನ ಕೈಲಿದ್ದದ್ದು ಚಾರ್ಜಿಂಗಿಗೆಂದೇ ಮಾಡಿದ್ದು, ಮಾಹಿತಿಯ ತಂತಿ ಅದರಲ್ಲಿ ಇರಲೇ ಇಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ಕೂದಲಿನಷ್ಟೂ ವ್ಯತ್ಯಾಸ ಕಾಣದು. ಈಗ ಮಾಹಿತಿ ಸಾಗಿಸುವ ಕೇಬಲ್ಲುಗಳಿಗೆಲ್ಲ ಹಸಿರು ದಾರ ಕಟ್ಟಿಟ್ಟಿದ್ದೇನೆ.

ಡಾಂಗಲ್

ಡಾಂಗಲ್ ಇರುವ ವೈರ್‌ಲೆಸ್ ಕೀಬೋರ್ಡನ್ನು ಬ್ಲೂಟೂತಿನ ಜೊತೆ ಸೇರಿಸಿ ಒಂದೇ ಗುಂಪು ಮಾಡುವವರು ಬಹಳ. ಎರಡೂ ಓಡಾಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲೇ, ನಿಜ. ಆದರೆ ಕೆಡುವ ರೀತಿ ಬೇರೆಬೇರೆ. ಡಾಂಗಲ್ ತನ್ನ ಕೀಬೋರ್ಡಿನ ಜೊತೆ ಗುಟ್ಟಿನ ಭಾಷೆಯಲ್ಲಿ ಮಾತಾಡಿಕೊಂಡು, ಕಂಪ್ಯೂಟರಿನ ಮುಂದೆ ಮಾತ್ರ ‘ನಾನೊಂದು ಸಾದಾ ಯುಎಸ್‌ಬಿ ಕೀಬೋರ್ಡ್’ ಎಂದೇ ಪರಿಚಯ ಹೇಳಿಕೊಳ್ಳುತ್ತದೆ. ರೇಡಿಯೋದ ವಿಷಯ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಯಾಸ್ ಪುಟದಲ್ಲಾಗಲಿ, ಮೊದಲು ಹೇಳಿದ ನೀಲಿ ಪರದೆಯಲ್ಲಾಗಲಿ ಡಾಂಗಲ್ ಕೀಬೋರ್ಡ್ ಸಾಮಾನ್ಯವಾಗಿ ನಡೆಯುತ್ತದೆ. ವೈರ್ ಬೇಡ ಅನ್ನುವವರಿಗೆ ನಾನು ಮೊದಲು ಡಾಂಗಲ್ ಹೇಳುವುದಕ್ಕೆ ಈ ಒಂದು ಕಾರಣವೇ ಸಾಕು.

ಇದರ ಕಾಟ ಬೇರೆ ಥರದ್ದು. ‘ಬರುತ್ತೇನೆ’ ಎಂದು ಹೊಡೆದರೆ ಪರದೆಯಲ್ಲಿ ‘ಬರರರರರರುತ್ತೇನೆ’ ಎಂದು ಬೀಳುವುದನ್ನು ನೋಡಿದ್ದೀರಾ? ಕೀ ಒತ್ತಿದಾಗ ಒಂದು ಸಂದೇಶ, ಬಿಟ್ಟಾಗ ಇನ್ನೊಂದು ಸಂದೇಶ ಹೋಗುತ್ತದೆ. ಒತ್ತಿದ ಸುದ್ದಿ ತಲುಪಿ, ಬಿಟ್ಟ ಸುದ್ದಿ ದಾರಿಯಲ್ಲೇ ಕಳೆದರೆ, ಬೆರಳು ಇನ್ನೂ ಅಲ್ಲೇ ಇದೆ ಎಂದುಕೊಂಡು ಕಂಪ್ಯೂಟರ್ ಅದೇ ಅಕ್ಷರ ಸುರಿಯುತ್ತಾ ಹೋಗುತ್ತದೆ. ಒತ್ತಿದ ಸುದ್ದಿಯೇ ಕಳೆದರೆ ಅಕ್ಷರ ನುಂಗಿಹೋಗುತ್ತದೆ. ಜನ ಇದನ್ನು ಕೀಬೋರ್ಡ್ ಹಳೇದಾಯ್ತು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಡಾಂಗಲ್ ಚುಚ್ಚಿದ ಜಾಗದ್ದು.

ಯುಎಸ್‌ಬಿ 3.0 ಪೋರ್ಟು ಮತ್ತು ಕೇಬಲ್ಲುಗಳಿಂದ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಪ್ರಕಟಿಸಿತ್ತು. ನೀಲಿ ಬಾಯಿಯ ಆ 3.0 ಪೋರ್ಟಿಗೆ ಹೊರಗಿನ ಹಾರ್ಡ್‌ಡಿಸ್ಕ್ ಹಾಕಿ, ಅದರ ಮಗ್ಗುಲಿಗೇ ಉಗುರಿನಷ್ಟು ಡಾಂಗಲ್ ಚುಚ್ಚಿದರೆ, ಮದುವೆ ಮನೆಯ ವಾಲಗದ ಪಕ್ಕ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ. ಫೈಲ್ ಕಾಪಿ ಆಗುವಾಗಲೇ ಮೌಸ್ ತಡವರಿಸುತ್ತದಾದರೆ ಅನುಮಾನವೇ ಬೇಡ. ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲಕ್ಕೆ, ಕೀಬೋರ್ಡಿನ ಎದುರಿಗೆ ತಂದಿಡಿ. ಕಬ್ಬಿಣದ ಕ್ಯಾಬಿನೆಟ್ಟಿನ ಬೆನ್ನಿನಲ್ಲಿ, ಕಬ್ಬಿಣದ ಮೇಜಿನ ಕೆಳಗೆ ಡಾಂಗಲ್ ಬಚ್ಚಿಟ್ಟವರಿಗೂ ಇದೇ ಮದ್ದು. ಹೊಸ ಕೀಬೋರ್ಡ್ ಕೊಳ್ಳುವ ಮೊದಲು ಈ ತುಂಡು ಕೇಬಲ್ ಕೊಳ್ಳಿ.

ಸೆಲ್ಲಿನ ವಿಷಯ ಒಂದು ಮಾತು. ಸಾದಾ ಆಲ್ಕಲೈನ್ ಸೆಲ್ 1.5 ವೋಲ್ಟಿನದು, ರೀಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟಿನದು. ರೀಚಾರ್ಜ್ ಸೆಲ್ ಹಾಕಿದ ಮೊದಲ ದಿನವೇ ‘ಬ್ಯಾಟರಿ ಕಡಿಮೆ’ ಎಂದು ಕೆಲವು ಕೀಬೋರ್ಡುಗಳು ಬೊಬ್ಬೆ ಹೊಡೆಯುವುದು ಈ ಅಂತರಕ್ಕೆ. ಗಾಬರಿ ಬೇಡ.

ಡಾಂಗಲ್ಲಿನ ನಿಜವಾದ ಅಪಾಯ ಅದರ ಗಾತ್ರ. ಕಳೆದರೆ ಕೀಬೋರ್ಡ್ ಬರೀ ಹಲಗೆ. ಬೇರೆ ಕಂಪನಿಯ ಡಾಂಗಲ್ ಹಾಕಿ ನಡೆಸುವ ಆಸೆ ಬಿಟ್ಟುಬಿಡಿ. ಒಂದೇ ಕಂಪನಿಯಲ್ಲೂ ತಲೆಮಾರು ಬದಲಾದರೆ ಹೊಂದುವುದಿಲ್ಲ. ಲಾಜಿಟೆಕ್‌ನ ಯೂನಿಫೈಯಿಂಗ್ ಡಾಂಗಲ್ ಆರು ಸಾಧನಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು, 2021ರಲ್ಲಿ ಬಂದ ಅವರದೇ ಬೋಲ್ಟ್ ಡಾಂಗಲ್ಲೂ ಆರನ್ನು ಹಿಡಿಯಬಲ್ಲದು, ಆದರೆ ಒಂದರ ಕೀಬೋರ್ಡ್ ಇನ್ನೊಂದಕ್ಕೆ ಕೂಡುವುದಿಲ್ಲ. ಕೊಳ್ಳುವಾಗ ಕೀಬೋರ್ಡಿನ ಹೊಟ್ಟೆಯಲ್ಲಿ ಡಾಂಗಲ್ ಇಡುವ ಗೂಡು ಇದೆಯೇ ನೋಡಿ. ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಅದು ಇಲ್ಲದ್ದನ್ನು ಕೊಳ್ಳಲೇಬಾರದು.

ಗುಟ್ಟು ಕಾಯುವ ಕೆಲಸದವರಿಗೆ ಇನ್ನೊಂದು. 2016ರಲ್ಲಿ ಮೌಸ್‌ಜಾಕ್ ಎಂಬ ದೋಷದ ಗುಂಪು ಬಯಲಾಯಿತು. ಹಲವು ಕಂಪನಿಗಳ ಡಾಂಗಲ್ಲುಗಳಿಗೆ ದೂರದಿಂದಲೇ ಸುಳ್ಳು ಕೀ ಒತ್ತುಗಳನ್ನು ತೂರಿಸಬಹುದಾಗಿತ್ತು. ಆ ಕಾಲದ ಹಳೇ ಡಾಂಗಲ್ ಇದ್ದರೆ ಅದರ ಫರ್ಮ್‌ವೇರ್ (ಡಾಂಗಲ್ಲಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಅಪ್‌ಡೇಟೇ ಇಲ್ಲದಿದ್ದರೆ ಲೆಕ್ಕಪತ್ರದ ಕಂಪ್ಯೂಟರಿಗೆ ಅದನ್ನು ಹಾಕಬೇಡಿ.

ಬ್ಲೂಟೂತ್

ಬ್ಲೂಟೂತ್ ಕೀಬೋರ್ಡಿನ ಮೇಲೆ ನನಗೆ ಸಿಟ್ಟಿದೆ ಎಂದು ಇಷ್ಟು ಹೊತ್ತಿಗೆ ಅನ್ನಿಸಿರಬಹುದು. ಇಲ್ಲ, ಈ ಬರಹವನ್ನು ಹೊಡೆಯುತ್ತಿರುವುದೂ ಅದರಲ್ಲೇ. ಪೋರ್ಟ್ ತಿನ್ನುವುದಿಲ್ಲ, ಕಳೆಯಲು ಡಾಂಗಲ್ ಇಲ್ಲ, ಫೋನಿಗೂ ಟ್ಯಾಬ್ಲೆಟ್ಟಿಗೂ ಸೇರುತ್ತದೆ. ಹಲವು ಮಾದರಿಗಳಲ್ಲಿ ಎಫ್‌ಎನ್ ಹಿಡಿದು 1, 2, 3 ಒತ್ತಿದರೆ ಮೂರು ಸಾಧನಗಳ ನಡುವೆ ಹಾರಬಹುದು. ಎರಡು ಪೋರ್ಟಿನ ತೆಳ್ಳನೆಯ ಲ್ಯಾಪ್‌ಟಾಪ್ ಇರುವವರಿಗೆ, ಊರೂರು ತಿರುಗುವವರಿಗೆ ಇದಕ್ಕಿಂತ ಹಿತವಾದದ್ದು ಇಲ್ಲ.

ತೊಂದರೆ ಏನೆಂದರೆ, ಇಲ್ಲಿ ರೇಡಿಯೋವನ್ನು ನಡೆಸುವುದು ಆಪರೇಟಿಂಗ್ ಸಿಸ್ಟಮ್. ಅದು ಎದ್ದು ಕೂರುವವರೆಗೂ ಹೆಚ್ಚಿನ ಕಂಪ್ಯೂಟರುಗಳಿಗೆ ಬ್ಲೂಟೂತ್ ಕೀಬೋರ್ಡ್ ಇದೆಯೆಂದೇ ತಿಳಿಯದು. ಮ್ಯಾಕ್‌ನಂಥ, ಕೀಬೋರ್ಡನ್ನೂ ಕಂಪ್ಯೂಟರನ್ನೂ ಒಂದೇ ಕಂಪನಿ ಮಾಡುವ ಕಡೆ ಇದಕ್ಕೆ ವಿನಾಯಿತಿ ಉಂಟು. ಲ್ಯಾಪ್‌ಟಾಪಿನಲ್ಲಿ ಹೇಗೂ ಒಳಗಿನ ಕೀಬೋರ್ಡ್ ಇರುವುದರಿಂದ ಬಚಾವ್. ಡೆಸ್ಕ್‌ಟಾಪಿಗೆ ಬ್ಲೂಟೂತ್ ಒಂದನ್ನೇ ನಂಬುವುದು ಬೇಡ ಎನ್ನುವುದಕ್ಕೆ ನನ್ನ ನೀಲಿ ರಾತ್ರಿಯೇ ಸಾಕ್ಷಿ.

ಪೇರಿಂಗ್ ಮಾಡುವಾಗ ಪರದೆಯಲ್ಲಿ ಆರಂಕಿ ಕಾಣಿಸಿದರೆ ಅದನ್ನು ಕೀಬೋರ್ಡಿನಲ್ಲೇ ಹೊಡೆದು ಎಂಟರ್ ಒತ್ತಬೇಕು. ಹೊಡೆಯುವಾಗ ಪರದೆಯಲ್ಲಿ ಏನೂ ಮೂಡದಿದ್ದರೂ ಮುಂದುವರಿಯಿರಿ. ಇಲ್ಲಿ ಎಡವುವವರು ತುಂಬ ಜನ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು. ಎರಡಕ್ಕೂ ಬ್ಲೂಟೂತ್ ವಿಳಾಸ ಒಂದೇ, ಆದರೆ ಪೇರ್ ಮಾಡಿದಾಗ ಹುಟ್ಟುವ ಗುಪ್ತ ಕೀಲಿ ಬೇರೆ. ಒಂದರಲ್ಲಿ ಪೇರ್ ಮಾಡಿದ ತಕ್ಷಣ ಇನ್ನೊಂದರದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಕೀಬೋರ್ಡಿನಲ್ಲಿ ಮೂರು ಸ್ಥಾನ ಇದ್ದರೆ ಒಂದನ್ನು ವಿಂಡೋಸಿಗೆ, ಇನ್ನೊಂದನ್ನು ಲಿನಕ್ಸಿಗೆ ಕೊಟ್ಟುಬಿಡಿ. ಇಲ್ಲದಿದ್ದರೆ ಡಾಂಗಲ್ಲಿಗೆ ಬನ್ನಿ.

ಇದರ ನಿದ್ದೆಯ ಚಟ ಗೊತ್ತಿರಲಿ. ಬ್ಯಾಟರಿ ಉಳಿಸಲೆಂದು ಕೆಲವು ನಿಮಿಷ ಮುಟ್ಟದಿದ್ದರೆ ಕೀಬೋರ್ಡ್ ಮಲಗುತ್ತದೆ. ಊಟ ಮುಗಿಸಿ ಬಂದು ಗಡಿಬಿಡಿಯಲ್ಲಿ ಪಾಸ್‌ವರ್ಡ್ ಹೊಡೆದರೆ ಮೊದಲ ಎರಡಕ್ಷರ ಅದನ್ನು ಎಬ್ಬಿಸುವುದಕ್ಕೇ ಖರ್ಚಾಗಿ, ಉಳಿದದ್ದು ಮಾತ್ರ ತಲುಪಿ, ‘ಪಾಸ್‌ವರ್ಡ್ ತಪ್ಪು’ ಎಂದು ಬರುತ್ತದೆ. ಮೊದಲು ಶಿಫ್ಟ್ ಒಂದು ಸಲ ಒತ್ತಿ, ಒಂದು ಉಸಿರು ಬಿಟ್ಟು ಶುರುಮಾಡಿ.

ನೇರಳೆ ಬಾಯಿಯ ಹಳಬ

ಐಬಿಎಂ 1987ರಲ್ಲಿ ತಂದ ಪಿಎಸ್/2 ಕಂಪ್ಯೂಟರಿನ ಹೆಸರು ಇವತ್ತಿಗೂ ಆ ದುಂಡನೆಯ ಆರು ಪಿನ್ನಿನ ಪೋರ್ಟಿಗೆ ಉಳಿದಿದೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಹೊಸದಾಗಿ ಆರಿಸುವವರಿಗೆ ಇದು ಬೇಕಿಲ್ಲ. ಹಳೇ ಕೀಬೋರ್ಡಿನ ಮೋಹ ಇರುವವರು ಎರಡು ವಿಷಯ ನೆನಪಿಡಲಿ. ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಿ, ನಡೆಯುವಾಗ ಕಿತ್ತು ಹಾಕಲೆಂದು ಇದನ್ನು ಮಾಡಿಲ್ಲ. ಇನ್ನು, ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುವ ಪುಟ್ಟ ಅಡಾಪ್ಟರ್, ಎರಡೂ ಭಾಷೆ ಬಲ್ಲ ಕೀಬೋರ್ಡುಗಳಿಗೆ ಮಾತ್ರ ಸರಿ. ಅಪ್ಪಟ ಪಿಎಸ್/2 ಕೀಬೋರ್ಡಿಗೆ ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು.

ಯಾರಿಗೆ ಯಾವುದು

ಡೆಸ್ಕ್‌ಟಾಪ್, ಇಡೀ ದಿನ ಕೂತು ಮಾಡುವ ಕೆಲಸ ಅಂದರೆ ಕಣ್ಣು ಮುಚ್ಚಿ ವೈರ್. ಮೇಜು ಖಾಲಿ ಇರಬೇಕು, ಆದರೂ ಒಂದೇ ಕಂಪ್ಯೂಟರ್ ಅನ್ನುವವರಿಗೆ ಡಾಂಗಲ್. ಟಿವಿಗೆ ಕಂಪ್ಯೂಟರ್ ಹಾಕಿ ಸೋಫಾದಿಂದ ನಡೆಸುವವರಿಗೂ ಅದೇ, ಎಕ್ಸ್‌ಟೆನ್ಷನ್ ಕೇಬಲ್ ಸಮೇತ. ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಫೋನು ಮೂರನ್ನೂ ಒಂದೇ ಕೀಬೋರ್ಡಿನಲ್ಲಿ ಆಳುವವರಿಗೆ ಬ್ಲೂಟೂತ್. ವೈರು, ಡಾಂಗಲ್, ಬ್ಲೂಟೂತ್ ಮೂರೂ ಸೇರಿರುವ ಕೀಬೋರ್ಡುಗಳು ಈಗ ಬೇಕಾದಷ್ಟಿವೆ. ಕೆಟ್ಟಾಗ ಕೇಬಲ್ ಚುಚ್ಚಿ ಬಚಾವಾಗಬಹುದೆಂಬ ಕಾರಣಕ್ಕೇ ನನಗೆ ಅವು ಇಷ್ಟ. ಆದರೆ ಕೊಳ್ಳುವ ಮೊದಲು ಕೇಳಿ: ಕೇಬಲ್ ಹಾಕಿದರೆ ಅಕ್ಷರವೂ ಹೋಗುತ್ತದೋ, ಬರೀ ಚಾರ್ಜೋ? ಕೆಲವು ವೈರ್‌ಲೆಸ್ ಕೀಬೋರ್ಡುಗಳಲ್ಲಿ ಆ ಟೈಪ್ ಸಿ ಬಾಯಿ ಇರುವುದು ಚಾರ್ಜಿಂಗಿಗೆ ಮಾತ್ರ.

ಮೌಸಿಗೂ ಇದೇ ಲೆಕ್ಕ. ಗಾಜಿನ ಮೇಜಿನ ಮೇಲೆ ಓಡದಿದ್ದರೆ ಮಾತ್ರ ಸಂಪರ್ಕವನ್ನು ಬೈಯಬೇಡಿ, ಕೆಳಗೊಂದು ಕಾಗದ ಹಾಕಿ. ಹೆಡ್‌ಫೋನಿನ ಕಥೆ ಬೇರೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಚೆನ್ನಾಗಿ ಕೇಳುತ್ತಿದ್ದು, ಮೀಟಿಂಗ್ ಶುರುವಾದೊಡನೆ ಡಬ್ಬದೊಳಗಿನ ದನಿ ಆಯಿತೆಂದರೆ ಅದು ಕೆಟ್ಟಿಲ್ಲ. ಮೈಕ್ ತೆರೆದಾಗ ಹಳೇ ಹ್ಯಾಂಡ್ಸ್‌ಫ್ರೀ ರೀತಿಗೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡರೆ ದನಿ ಹಿಂದಿನಂತಾಗುತ್ತದೆ.

ಕೆಟ್ಟದ್ದು ಯಾವುದು?

ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಆ ದೀಪವನ್ನು ಹತ್ತಿಸುವುದು ಕೀಬೋರ್ಡಲ್ಲ, ಕಂಪ್ಯೂಟರ್. ಕೀ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ‘ದೀಪ ಹಚ್ಚು’ ಎಂಬ ಆಜ್ಞೆ ವಾಪಸು ಬಂದರೇ ಅದು ಹತ್ತುವುದು. ಹಾಗಾಗಿ ದೀಪ ಹತ್ತಿ ಆರುತ್ತಿದ್ದರೆ ವೈರು, ಪೋರ್ಟು, ಡ್ರೈವರು ಎಲ್ಲ ಸರಿ ಇವೆ. ತೊಂದರೆ ಇರುವುದು ಸೆಟಿಂಗಿನಲ್ಲೋ, ನೀವು ಟೈಪ್ ಮಾಡುತ್ತಿರುವ ಪ್ರೋಗ್ರಾಮಿನಲ್ಲೋ. ದೀಪ ಅಲುಗದಿದ್ದರೆ ಕೇಬಲ್, ಪೋರ್ಟ್, ಸೆಲ್ ನೋಡಿ.

ಸೆಟಿಂಗಿನ ತಂಟೆ ವಿಂಡೋಸಿನಲ್ಲಿ ಸಾಮಾನ್ಯವಾಗಿ ಎರಡು ಕಡೆಯಿಂದ. ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್, ಕಂಟ್ರೋಲ್ ಬಿಟ್ಟರೂ ಒತ್ತಿದಂತೆಯೇ ಉಳಿಯುವ ಸೌಲಭ್ಯ), ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಏಳುತ್ತದೆ. ಎರಡನೆಯದು ಆನ್ ಆದರೆ ಬೇಗ ಬೇಗ ಒತ್ತಿದ ಅಕ್ಷರ ಬರುವುದೇ ಇಲ್ಲ, ಕೀಬೋರ್ಡ್ ಸತ್ತಿತೆಂದೇ ಅನ್ನಿಸುತ್ತದೆ. ಆ ಶಿಫ್ಟಿನ ಮೇಲೆ ಪುಸ್ತಕ ಒರಗಿಸಿಟ್ಟಿದ್ದಿರಾ ನೆನಪು ಮಾಡಿಕೊಳ್ಳಿ. ಇಮೇಲ್ ವಿಳಾಸದ ಅಟ್ ಗುರುತು ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದ್ದರೆ ಲೇಔಟ್ ಅಮೆರಿಕದ್ದರಿಂದ ಬ್ರಿಟನ್ನಿನದಕ್ಕೆ ಹೋಗಿದೆ. ಕೀಬೋರ್ಡಿಗೆ ಅಕ್ಷರವೇ ಗೊತ್ತಿಲ್ಲ, ಅದು ಕಳಿಸುವುದು ಕೀ ಇರುವ ಸ್ಥಾನದ ಸಂಖ್ಯೆ. ಅಕ್ಷರ ಯಾವುದೆಂದು ತೀರ್ಮಾನಿಸುವುದು ಕಂಪ್ಯೂಟರ್.

ಕೆಲವೇ ಕೀಗಳು, ಅದೂ ಒಂದೇ ಸಾಲಿನವು, ಒಟ್ಟಿಗೆ ಸತ್ತಿದ್ದರೆ ಒಳಗಿನ ಜಾಲದ ಗೆರೆ ಕಡಿದಿದೆ. ಟೀ ಚೆಲ್ಲಿದ ಮಾರನೆಯ ದಿನ ಹೆಚ್ಚಾಗಿ ಆಗುವುದು ಇದೇ. ಸಂಪರ್ಕ ಬದಲಿಸಿದರೆ ಏನೂ ಬರದು. ಬೇರೆ ಕೀಬೋರ್ಡ್ ಬರುವವರೆಗೆ ಕೆಲಸ ನಡೆಯಬೇಕಲ್ಲ, ಲಾಗಿನ್ ಪುಟದ ಮೂಲೆಯಲ್ಲಿರುವ ಅಕ್ಸೆಸಿಬಿಲಿಟಿ ಗುರುತು ಒತ್ತಿದರೆ ಪರದೆಯ ಮೇಲೇ ಕೀಬೋರ್ಡ್ ಬರುತ್ತದೆ. ಮೌಸಿನಲ್ಲೇ ಪಾಸ್‌ವರ್ಡ್ ಕುಟ್ಟಿ ಒಳಗೆ ಹೋಗಬಹುದು.

ಇನ್ನು, ಏನೂ ಕೆಡದೆ ಕೆಡುವುದು. ಗೆಳೆಯನೊಬ್ಬ ಫೋನ್ ಮಾಡಿ, ಮೂರೂ ಸಂಪರ್ಕ ಇರುವ ಹೊಸ ಕೀಬೋರ್ಡ್ ಸತ್ತೇಹೋಯಿತು ಅಂದ. ಸೆಲ್ ಬದಲಿಸಿದ್ದ, ಬೈದಿದ್ದ, ತಲೆಕೆಳಗು ಮಾಡಿ ಕೊಡವಿದ್ದ. ನಾನು ಇನ್ನೂ ಕ್ಯಾಪ್ಸ್ ಲಾಕ್ ವಿಷಯ ಕೇಳುತ್ತಿರುವಾಗಲೇ ಒಳಗಿನ ಕೋಣೆಯಿಂದ ಅವನ ಮಗಳು ಟ್ಯಾಬ್ಲೆಟ್ ಹಿಡಿದು ಬಂದಳಂತೆ. ಅವಳು ಟೀಚರಿಗೆ ಬರೆಯುತ್ತಿದ್ದ ಮೆಸೇಜಿನ ಮಧ್ಯೆ ‘ಹಲೋ ಹಲೋ ಬರ್ತಿದ್ಯಾ ಇಲ್ವಾ’ ಎಂದು ನಾಲ್ಕು ಸಾಲು ತಾನಾಗಿಯೇ ಮೂಡಿತ್ತು. ಎಫ್‌ಎನ್ ಜೊತೆ 2 ಒತ್ತಿಹೋಗಿತ್ತು. ಪುಣ್ಯಕ್ಕೆ ಅವನು ಎಂಟರ್ ಒತ್ತಿರಲಿಲ್ಲ.